ಬೀಸುವ ಕಲ್ಲು, ರುಬ್ಬುವ ಕಲ್ಲು, ಕಾರಿನ ಬಾನೆಟ್ಟು: ಪಾಲಿಶ್ ಮೆಷಿನ್ ಬದಲಿಸುವ ಮುನ್ನ

ನನ್ನದು ಕಪ್ಪು ಕಾರು. ಕಪ್ಪು ಕಾರು ಇಟ್ಟುಕೊಂಡವರಿಗೆ ಮುಂದಿನ ಕಥೆ ಅರ್ಧ ಗೊತ್ತಾಗಿರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಕಾರು ಒರೆಸುವವರು ಒಂದೇ ಬಕೆಟ್ ನೀರು, ಒಂದೇ ಬಟ್ಟೆ ಹಿಡಿದು ಸಾಲಾಗಿ ಹತ್ತು ಕಾರು ಮುಗಿಸುತ್ತಾರೆ. ಹತ್ತನೆಯ ಕಾರಿಗೆ ಬರುವಷ್ಟರಲ್ಲಿ ಆ ಬಟ್ಟೆಗೂ ಸ್ಯಾಂಡ್ ಪೇಪರಿಗೂ ಅಂಥ ವ್ಯತ್ಯಾಸ ಉಳಿದಿರುವುದಿಲ್ಲ. ನಾಲ್ಕು ವರ್ಷ ಹೀಗೇ ನಡೆದರೆ ಬಿಸಿಲಲ್ಲಿ ಬಾನೆಟ್ಟಿನ ಮೇಲೆ ಜೇಡರ ಬಲೆಯಂಥ ಸಣ್ಣ ಗೀರುಗಳು ಎದ್ದು ಕಾಣುತ್ತವೆ. ಇದನ್ನೇ ಸ್ವರ್ಲ್ ಮಾರ್ಕ್ ಅನ್ನುವುದು.

ಒಂದು ಅಂಗಡಿಗೆ ‘ರಬ್ಬಿಂಗ್ ಪಾಲಿಶ್’ ಮಾಡಿಸಲು ಕೊಟ್ಟೆ. ಸಂಜೆ ಟ್ಯೂಬ್‌ಲೈಟಿನ ಕೆಳಗೆ ಕಾರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಖುಷಿಯಾಗಿ ದುಡ್ಡು ಕೊಟ್ಟು ಬಂದೆ. ಎರಡು ಸಲ ತೊಳೆದ ಮೇಲೆ, ಒಂದು ಭಾನುವಾರ ಹನ್ನೊಂದರ ಬಿಸಿಲಿಗೆ ಕಾರು ಹೊರಗೆ ತೆಗೆದರೆ, ಜೇಡರ ಬಲೆ ಹೋಗಿ ಬೇರೇನೋ ಬಂದಿದೆ. ನಾನು ಅತ್ತಿತ್ತ ನಡೆದ ಹಾಗೆಲ್ಲ ಬಾನೆಟ್ಟಿನ ಮೇಲೆ ಅಲೆ ಅಲೆಯಾದ ನೆರಳು ಓಡುತ್ತಿತ್ತು, ರೇಷ್ಮೆ ಸೀರೆಯ ಮಡಿಕೆಯ ಮೇಲೆ ಬೆಳಕು ಓಡಾಡಿದ ಹಾಗೆ. ಸೀರೆಗಾದರೆ ಚೆಂದ. ಕಾರಿಗೆ ಅದರ ಹೆಸರು ಹೊಲೊಗ್ರಾಮ್.

ಅಲ್ಲಿಂದ ಶುರುವಾಯಿತು ನನ್ನ ಹುಚ್ಚು. ನನಗೆ ಇದು ವೃತ್ತಿಯಲ್ಲ, ರಜಾದಿನದ ಕೆಲಸ. ಆದರೆ ಪಾಲಿಶ್ ಮಾಡುವ ಮೂರೂ ಥರದ ಮೆಷಿನ್ ಹಿಡಿದು, ಮೂರರಲ್ಲೂ ತಪ್ಪು ಮಾಡಿದ್ದೇನೆ. ತಪ್ಪುಗಳೆಲ್ಲ ಹೆಚ್ಚು ಕಡಿಮೆ ಒಂದೇ ಜಾತಿಯವು. ಹಳೇ ಮೆಷಿನ್ನಿನ ಅಭ್ಯಾಸವನ್ನು ಹೊಸ ಮೆಷಿನ್ನಿಗೆ ಹಚ್ಚಿ, ಕೆಲಸ ಕೆಟ್ಟಾಗ ಮೆಷಿನ್ನನ್ನು ಬೈಯುವುದು.

ಮೊದಲು, ನಾವು ಉಜ್ಜುತ್ತಿರುವುದು ಏನನ್ನು ಅಂತ ನೋಡೋಣ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನುವ ಪಾರದರ್ಶಕ ಪದರ ಇರುತ್ತದೆ. ತಳದ ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ಲೆಕ್ಕ ಸಿಗುತ್ತದೆ. ಪಾಲಿಶ್ ಮಾಡಿದಾಗ ಗೀರು ತುಂಬಿಕೊಳ್ಳುವುದಿಲ್ಲ. ಗೀರಿನ ಅಕ್ಕಪಕ್ಕದ ಕ್ಲಿಯರ್ ಕೋಟನ್ನೇ ಗೀರಿನ ತಳದವರೆಗೆ ತೆಗೆದು ಮಟ್ಟ ಮಾಡುತ್ತೇವೆ, ಅಷ್ಟೇ. ಬಿಸಿಲಿನಿಂದ ಕಾಪಾಡುವ ಅಂಶವೂ ಆ ಪದರದಲ್ಲೇ ಇರುತ್ತದೆ. ಹಾಗಾಗಿ ಪ್ರತಿ ಪಾಲಿಶ್ ಅಂದರೆ ಬ್ಯಾಂಕಿನಿಂದ ದುಡ್ಡು ತೆಗೆದ ಹಾಗೆ, ಮತ್ತೆ ಕಟ್ಟಲು ಆಗದ ಖಾತೆಯಿಂದ. (ಹಳೇ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೆ ಇದ್ದದ್ದು ಕ್ಲಿಯರ್ ಇಲ್ಲದ ಒಂದೇ ಥರದ ಬಣ್ಣ. ಅದನ್ನು ಉಜ್ಜಿದರೆ ಮೆಷಿನ್ನಿನ ತುದಿಯ ಉಜ್ಜುವ ಮೆತ್ತೆಗೆ, ಅಂದರೆ ಪ್ಯಾಡಿಗೆ, ಕಾರಿನ ಬಣ್ಣವೇ ಅಂಟುತ್ತದೆ. ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ.)

ಈಗ ಮೆಷಿನ್ನುಗಳು. ಅಜ್ಜಿಯ ಮನೆಯಲ್ಲಿ ಎರಡು ಕಲ್ಲು ನೋಡಿದವರಿಗೆ ಇದು ಸುಲಭ.

ರಾಗಿ ಬೀಸುವ ಕಲ್ಲು ನೆನಪಿಸಿಕೊಳ್ಳಿ. ನಡುವೆ ಗೂಟ, ಮೇಲಿನ ಕಲ್ಲು ಅದರ ಸುತ್ತ ಗರಗರ ತಿರುಗುತ್ತದೆ. ರೋಟರಿ ಮೆಷಿನ್ ಅಂದರೆ ಇದೇ. ಮೋಟರು ತಿರುಗಿದಂತೆ ಪ್ಯಾಡು ತಿರುಗುತ್ತದೆ. ನೀವು ಎಷ್ಟು ಒತ್ತಿದರೂ ಸುಲಭಕ್ಕೆ ನಿಲ್ಲುವುದಿಲ್ಲ. ವೇಗ ಸಾಮಾನ್ಯವಾಗಿ ನಿಮಿಷಕ್ಕೆ 600ರಿಂದ 3,000 ಸುತ್ತು.

ರುಬ್ಬುವ ಕಲ್ಲಿನದು ಬೇರೆ ನಡೆ. ಗುಂಡಿನ ತಲೆ ಹಿಡಿದು ಒರಳಿನ ಕುಳಿಯಲ್ಲಿ ಸುತ್ತಿಸುತ್ತೇವೆ. ಗುಂಡು ಕುಳಿಯ ಸುತ್ತ ಹೋಗುತ್ತಾ, ತನ್ನಷ್ಟಕ್ಕೆ ತಾನೂ ನಿಧಾನವಾಗಿ ತಿರುಗುತ್ತಿರುತ್ತದೆ. ಡಿಎ, ಅಂದರೆ ಡ್ಯುಯಲ್ ಆಕ್ಷನ್ ಮೆಷಿನ್ ಮಾಡುವುದು ಇದನ್ನೇ. ಮೋಟರು ಪ್ಯಾಡನ್ನು ಸಣ್ಣ ವೃತ್ತದಲ್ಲಿ ಓಲಾಡಿಸುತ್ತದೆ. ಪ್ಯಾಡು ತನ್ನ ಸುತ್ತ ತಿರುಗುವುದಕ್ಕೆ ಮಾತ್ರ ಮೋಟರಿನ ನೇರ ಒತ್ತಾಯ ಇಲ್ಲ. ನಡುವೆ ಇರುವ ಬೇರಿಂಗ್ ಸಡಿಲವಾಗಿ ಬಿಟ್ಟಿರುವುದರಿಂದ ಅದು ಆ ಓಲಾಟದ ಜೋರಿಗೆ ತಾನಾಗಿ ತಿರುಗುತ್ತದೆ. ಗುಂಡನ್ನು ಅದುಮಿ ಹಿಡಿದರೆ ತಿರುಗುವುದು ನಿಲ್ಲುತ್ತದಲ್ವಾ, ಹಾಗೇ ಡಿಎ ಮೇಲೆ ಭಾರ ಹಾಕಿದರೆ ಪ್ಯಾಡಿನ ಸುತ್ತು ನಿಲ್ಲುತ್ತದೆ. ಓಲಾಟ ಮಾತ್ರ ಉಳಿಯುತ್ತದೆ.

ಆ ಓಲಾಟದ ವೃತ್ತ ಎಷ್ಟು ಅಗಲ ಅನ್ನುವುದೇ ‘ಥ್ರೋ’. ಅಮೆರಿಕದಲ್ಲಿ ಬಹಳ ಜನ ಕಲಿತ ಪೋರ್ಟರ್ ಕೇಬಲ್ 7424 ಮೆಷಿನ್ನಿನಲ್ಲಿ ಇದು ಸುಮಾರು 8 ಮಿಲಿಮೀಟರ್. ಇಟಲಿಯ ರೂಪೆಸ್ ಕಂಪನಿಯ ಬಿಗ್‌ಫೂಟ್ ಮೆಷಿನ್ನುಗಳಲ್ಲಿ 15 ಮತ್ತು 21 ಮಿಲಿಮೀಟರ್. ಥ್ರೋ ಜಾಸ್ತಿಯಾದಷ್ಟೂ ಪ್ಯಾಡು ಜಾಸ್ತಿ ದೂರ ಓಡುತ್ತದೆ, ಕೆಲಸ ಬೇಗ ಆಗುತ್ತದೆ.

ಮೂರನೆಯದು ಇವೆರಡರ ನಡುವಿನದು: ಗೇರ್ ಇರುವ ಡಿಎ. ಫೋರ್ಸ್ಡ್ ರೊಟೇಶನ್ ಅನ್ನುತ್ತಾರೆ. ಓಲಾಟವೂ ಉಂಟು, ಸುತ್ತೂ ಉಂಟು, ಎರಡಕ್ಕೂ ಗೇರಿನ ಕಟ್ಟುಪಾಡು ಇದೆ. ಜರ್ಮನಿಯ ಫ್ಲೆಕ್ಸ್ ಕಂಪನಿಯ ಎಕ್ಸ್‌ಸಿ 3401 ಇದರ ಹೆಸರಾಂತ ಉದಾಹರಣೆ. ಥ್ರೋ 8 ಮಿಲಿಮೀಟರ್, 20 ಸಲ ಓಲಾಡಿದರೆ ಪ್ಯಾಡು 1 ಸುತ್ತು ತಿರುಗಲೇಬೇಕು. ಒತ್ತಿದರೂ ತಿರುಗುತ್ತದೆ, ಉಬ್ಬುತಗ್ಗಿನ ಮೇಲೂ ತಿರುಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿದರೆ ಮಿಕ್ಕಿದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. 150 ಮಿಲಿಮೀಟರ್ ಪ್ಯಾಡು ಹಾಕಿದ ರೋಟರಿಯನ್ನು 1,500ಕ್ಕೆ ಇಟ್ಟರೆ, ಪ್ಯಾಡಿನ ಅಂಚು ಸೆಕೆಂಡಿಗೆ ಸುಮಾರು 11.8 ಮೀಟರ್ ಓಡುತ್ತದೆ. ಗಂಟೆಗೆ 42 ಕಿಲೋಮೀಟರ್! ಆದರೆ ಅದೇ ಪ್ಯಾಡಿನ ನಟ್ಟನಡುವಿನ ಚುಕ್ಕೆ ಇದ್ದಲ್ಲೇ ಇರುತ್ತದೆ. ಈಗ 15 ಮಿಲಿಮೀಟರ್ ಡಿಎ ತೆಗೆದುಕೊಳ್ಳಿ, ನಿಮಿಷಕ್ಕೆ 4,500 ಓಲಾಟ. ಲೆಕ್ಕ ಸೆಕೆಂಡಿಗೆ 3.5 ಮೀಟರ್, ಗಂಟೆಗೆ 13 ಕಿಲೋಮೀಟರ್ ಹತ್ತಿರ. 8 ಮಿಲಿಮೀಟರ್ ಮೆಷಿನ್ ಆದರೆ ಗಂಟೆಗೆ 7 ಕಿಲೋಮೀಟರ್ ಕೂಡ ಇಲ್ಲ, ಬೆಳಗಿನ ವಾಕಿಂಗಿಗಿಂತ ಸ್ವಲ್ಪ ಜೋರು. ಪ್ಯಾಡಿನ ನಿಧಾನ ಸುತ್ತು ಇದಕ್ಕೆ ಅಷ್ಟಿಷ್ಟು ಸೇರುತ್ತದೆ. ಆದರೆ ಓಲಾಟದ ಈ ವೇಗ ಪ್ಯಾಡಿನ ಅಂಚಿಗೂ ಅಷ್ಟೇ, ನಡುವಿಗೂ ಅಷ್ಟೇ.

ರೋಟರಿ ಯಾಕೆ ಅಷ್ಟು ಬೇಗ ಗೀರು ತೆಗೆಯುತ್ತದೆ, ಯಾಕೆ ಅಷ್ಟು ಬೇಗ ಬಿಸಿಯಾಗುತ್ತದೆ ಅನ್ನುವುದಕ್ಕೆ ಆ 42 ಉತ್ತರ. ಹೊಲೊಗ್ರಾಮ್ ಯಾಕೆ ಬರುತ್ತದೆ ಅನ್ನುವುದೂ ಇಲ್ಲೇ ಇದೆ. ರೋಟರಿಯಲ್ಲಿ ಕಾಂಪೌಂಡಿನ, ಅಂದರೆ ಪ್ಯಾಡಿಗೆ ಹಚ್ಚಿ ಉಜ್ಜುವ ಪೇಸ್ಟಿನ, ಕಣಗಳು ಒಂದೇ ದಿಕ್ಕಿಗೆ, ಒಂದರ ಪಕ್ಕ ಒಂದು ಕಮಾನಿನಂಥ ಗೆರೆ ಕೊರೆಯುತ್ತವೆ. ಸಾಲು ಹಿಡಿದು ಉತ್ತ ಹೊಲದಂತೆ. ಬೆಳಕು ಆ ಸಾಲಿನ ಮೇಲೆ ಬಿದ್ದಾಗ ಕಣ್ಣಿಗೆ ಹೊಡೆಯುತ್ತದೆ. ಡಿಎಯಲ್ಲಿ ಗೆರೆಗಳು ಎಲ್ಲ ದಿಕ್ಕಿಗೂ ಚದುರಿಹೋಗುವುದರಿಂದ ಸಾಲು ಕಾಣುವುದೇ ಇಲ್ಲ.

ಹಾಗಾದರೆ ನನ್ನ ಕಾರು ಅವತ್ತು ಸಂಜೆ ಕನ್ನಡಿಯಂತೆ ಕಂಡದ್ದು ಹೇಗೆ? ಕಾಂಪೌಂಡಿನಲ್ಲಿರುವ ಎಣ್ಣೆಯಂಶ ಆ ಗೆರೆಗಳಲ್ಲಿ ತುಂಬಿಕೊಂಡಿತ್ತು. ಎರಡು ಸಲ ಶಾಂಪೂ ಬಿದ್ದ ಮೇಲೆ ಎಣ್ಣೆ ಹೋಯಿತು, ಬಣ್ಣ ಬಯಲಾಯಿತು. ಅದಕ್ಕೇ ಕೆಲಸ ಗೊತ್ತಿರುವವರು ಒಂದು ಭಾಗ ಮುಗಿದ ಕೂಡಲೇ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಟಾರ್ಚ್ ಬಿಟ್ಟು ನೋಡುತ್ತಾರೆ. ಟ್ಯೂಬ್‌ಲೈಟ್ ಕೆಳಗೆ ಎಲ್ಲ ಕಾರೂ ಚೆಂದ.

ಈಗ ಬದಲಾವಣೆಯ ವಿಷಯ. ನಮ್ಮ ಪೇಂಟಿಂಗ್ ಗ್ಯಾರೇಜುಗಳಲ್ಲಿ ಹತ್ತಿಪ್ಪತ್ತು ವರ್ಷ ರೋಟರಿ ಹಿಡಿದವರು ಡಿಎ ಕೈಗೆ ತೆಗೆದುಕೊಂಡರೆ ಮೊದಲು ಹೇಳುವ ಮಾತು ಒಂದೇ: “ಇದರಲ್ಲಿ ಏನೂ ಆಗಲ್ಲ ಸಾರ್, ಸುಮ್ನೆ ನಡುಗುತ್ತೆ.” ಅವರು ಹೇಳುವುದು ಸುಳ್ಳಲ್ಲ, ಅವರು ಹಿಡಿದ ರೀತಿಯಲ್ಲಿ ನಿಜವಾಗಲೂ ಏನೂ ಆಗುವುದಿಲ್ಲ. ರೋಟರಿಯಲ್ಲಿ ಕೈ ಸದಾ ಓಡುತ್ತಿರಬೇಕು, ನಿಂತರೆ ಸುಡುತ್ತದೆ. ಆ ಭಯ ಮೈಗೆ ಅಂಟಿರುತ್ತದೆ. ಡಿಎಯನ್ನೂ ಅಷ್ಟೇ ವೇಗವಾಗಿ ಓಡಿಸುತ್ತಾರೆ, ಗೀರಿಗೆ ತಾಗಲು ಅದಕ್ಕೆ ಸಮಯವೇ ಸಿಗುವುದಿಲ್ಲ. ರೋಟರಿಯಲ್ಲಿ ಗೀರು ಹಠ ಮಾಡಿದರೆ ಒಂದಿಷ್ಟು ಓರೆ ಮಾಡಿ ಒತ್ತುವುದು ರೂಢಿ. ಡಿಎ ಓರೆಯಾದರೆ ಭಾರವೆಲ್ಲ ಒಂದು ಅಂಚಿಗೆ ಬಿದ್ದು ಪ್ಯಾಡು ನಿಂತೇ ಹೋಗುತ್ತದೆ.

ಇದಕ್ಕೆ ಒಂದು ಸುಲಭ ಉಪಾಯ ಇದೆ, ಖರ್ಚು ಒಂದು ಮಾರ್ಕರ್ ಪೆನ್ನು. ಬ್ಯಾಕಿಂಗ್ ಪ್ಲೇಟಿನ, ಅಂದರೆ ಪ್ಯಾಡು ಅಂಟಿಸುವ ತಟ್ಟೆಯ ಅಂಚಿನ ಮೇಲೆ ದಪ್ಪಗೆ ಒಂದು ಗೆರೆ ಎಳೆಯಿರಿ. ಕೆಲಸ ಮಾಡುವಾಗ ಕಣ್ಣು ಆ ಗೆರೆಯ ಮೇಲಿರಲಿ. ಗೆರೆ ಸುತ್ತು ಹೊಡೆಯುತ್ತಿದ್ದರೆ ಕೆಲಸ ನಡೆಯುತ್ತಿದೆ. ಇದ್ದಲ್ಲೇ ನಡುಗುತ್ತಿದ್ದರೆ ನೀವು ಜಾಸ್ತಿ ಒತ್ತುತ್ತಿದ್ದೀರಿ, ಇಲ್ಲವೇ ಮೆಷಿನ್ ಓರೆಯಾಗಿದೆ. ನನಗೆ ಮೊದಲ ದಿನ ಬಾನೆಟ್ಟಿನ ಮೇಲೆ ಗೆರೆ ಚೆನ್ನಾಗಿ ತಿರುಗುತ್ತಿತ್ತು. ಫೆಂಡರಿನ ಉಬ್ಬಿಗೆ ಬಂದ ತಕ್ಷಣ ಟಕ್ ಅಂತ ನಿಂತಿತು. ಮಣಿಕಟ್ಟನ್ನು ಒಂದಿಷ್ಟು ತಿರುಗಿಸಿ ಉಬ್ಬಿಗೆ ಸಮವಾಗಿ ಕೂರಿಸಿದೆ, ಮತ್ತೆ ತಿರುಗಿತು. ಹತ್ತು ನಿಮಿಷದಲ್ಲಿ ಕೈ ಕಲಿತುಬಿಟ್ಟಿತು.

ರೋಟರಿಯಿಂದ ಡಿಎಗೆ ಬಂದವರು ಒಂದು ಸಲಕ್ಕೆ ಎರಡು ಅಡಿಗೆ ಎರಡು ಅಡಿ ಜಾಗ ಸಾಕು ಅಂದುಕೊಳ್ಳಬೇಕು, ಅದಕ್ಕಿಂತ ಚಿಕ್ಕದಾದರೂ ಸರಿ. ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್, ಬಸವನ ಹುಳು ಹೋದ ಹಾಗೆ. ಉದ್ದಕ್ಕೆ, ಅಡ್ಡಕ್ಕೆ, ಒಂದರ ಮೇಲೊಂದು ಅರ್ಧ ಬರುವ ಹಾಗೆ ನಾಲ್ಕರಿಂದ ಆರು ಸಲ. ವೇಗದ ಡಯಲ್ ಹೆಚ್ಚಿನ ಅಂಕಿಯಲ್ಲೇ ಇರಲಿ. ಡಯಲ್ಲಿನ ಅಂಕಿಯನ್ನು ಒಂದು ಮೆಷಿನ್ನಿನಿಂದ ಇನ್ನೊಂದಕ್ಕೆ ಹೊತ್ತೊಯ್ಯಬೇಡಿ. ರೋಟರಿಯ ‘5’ ಸುತ್ತುಗಳ ಲೆಕ್ಕ, ಡಿಎಯ ‘5’ ಓಲಾಟಗಳ ಲೆಕ್ಕ.

ಪ್ಯಾಡಿನಲ್ಲೂ ಇದೇ ಎಡವಟ್ಟು ಆಗುತ್ತದೆ. ರೋಟರಿಗೆ ಹಾಕುತ್ತಿದ್ದ ದಪ್ಪ ಮೆತ್ತನೆಯ ಫೋಮನ್ನೇ 8 ಮಿಲಿಮೀಟರ್ ಡಿಎಗೆ ಹಾಕಿದರೆ, ಆ ಎಂಟು ಮಿಲಿಮೀಟರ್ ಓಲಾಟವನ್ನು ಫೋಮೇ ನುಂಗಿಬಿಡುತ್ತದೆ. ಮೇಲೆ ಮೆಷಿನ್ ಕುಣಿಯುತ್ತಿರುತ್ತದೆ, ಕೆಳಗೆ ಬಣ್ಣದ ಮೇಲೆ ಪ್ಯಾಡು ಆರಾಮಾಗಿ ಕೂತಿರುತ್ತದೆ. ಅದಕ್ಕೇ ಡಿಎ ಪ್ಯಾಡುಗಳು ತೆಳ್ಳಗೆ. ನಡುವೆ ತೂತು ಇರುವುದು ಬಿಸಿ ಹೊರಹೋಗಲಿ ಅಂತ. ಗಟ್ಟಿ ಗೀರಿಗೆ ಫೋಮಿನ ಬದಲು ಮೈಕ್ರೊಫೈಬರ್ ಪ್ಯಾಡು ಹಾಕಿದರೆ ಡಿಎ ಕೂಡ ಒಳ್ಳೇ ಕಸುವು ತೋರಿಸುತ್ತದೆ.

ಡಿಎಯಿಂದ ರೋಟರಿಗೆ ಹೋಗುವವರ ವಿಷಯದಲ್ಲಿ ನಾನು ಸ್ವಲ್ಪ ಗದರಿಸಿಯೇ ಹೇಳುತ್ತೇನೆ. ಡಿಎಯಲ್ಲಿ ತಪ್ಪಾದರೆ ಸಮಯ ಹೋಗುತ್ತದೆ, ರೋಟರಿಯಲ್ಲಿ ಬಣ್ಣವೇ ಹೋಗುತ್ತದೆ. ಡಿಎ ಕಲಿಸಿದ ‘ನಿಧಾನ’ ಇಲ್ಲಿ ಅಪಾಯ. 600ರಲ್ಲಿ ಕಾಂಪೌಂಡ್ ಹರಡಿ, 1,000ದಿಂದ 1,500ರೊಳಗೆ ಕೆಲಸ ಮಾಡಿ. ಒಂದೇ ಜಾಗದಲ್ಲಿ ನಿಲ್ಲಬೇಡಿ. ಆಗಾಗ ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲು ಆಗದಿದ್ದರೆ ಅಲ್ಲಿಗೆ ಬಿಟ್ಟು ಬೇರೆ ಕಡೆ ಹೋಗಿ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್ ತಿಂಗಳಲ್ಲಿ ನೆರಳಲ್ಲಿ ನಿಂತ ಕಾರೇ ಕಾದಿರುತ್ತದೆ, ಅಲ್ಲಿ ಈ ಕೆಲಸ ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುವುದು ವಾಸಿ. ಕಬ್ಬಿಣದ ಬಾಗಿಲಿಗಿಂತ ಪ್ಲಾಸ್ಟಿಕ್ ಬಂಪರ್ ಬಗ್ಗೆ ಭಯ ಜಾಸ್ತಿ ಇರಲಿ. ತಗಡು ಬಿಸಿಯನ್ನು ಸುತ್ತ ಹಂಚುತ್ತದೆ, ಪ್ಲಾಸ್ಟಿಕ್ ಇದ್ದಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಬಣ್ಣದ ದಪ್ಪ ಅಳೆಯುವ ಸಾಮಾನ್ಯ ಮೀಟರುಗಳು ಲೋಹದ ಮೇಲೆ ಮಾತ್ರ ಓದುತ್ತವೆ. ಬಂಪರಿನಲ್ಲಿ ಎಷ್ಟು ಉಳಿದಿದೆ ಅಂತ ಅವು ಹೇಳುವುದಿಲ್ಲ.

ರೋಟರಿಗೆ ಇನ್ನೊಂದು ಗುಣ ಇದೆ: ಅದು ಎಳೆಯುತ್ತದೆ. ಮೇಲಿನಿಂದ ನೋಡಿದರೆ ಪ್ಯಾಡು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಮುಂದಿನ ಅಂಚು ಒತ್ತಿದರೆ ಮೆಷಿನ್ ಎಡಕ್ಕೆ ಓಡುತ್ತದೆ, ನಿಮ್ಮ ಕಡೆಯ ಅಂಚು ಒತ್ತಿದರೆ ಬಲಕ್ಕೆ. ಮೊದಮೊದಲು ಹಗ್ಗ ಹಿಡಿದ ಹೋರಿಯ ಜೊತೆ ಜಗ್ಗಾಡಿದ ಹಾಗಾಗುತ್ತದೆ. ಆಮೇಲೆ ಗೊತ್ತಾಗುತ್ತದೆ, ಪಳಗಿದ ಕೈಗಳು ಮೆಷಿನ್ನನ್ನು ತಳ್ಳುವುದೇ ಇಲ್ಲ, ಕೂದಲೆಳೆಯಷ್ಟು ವಾಲಿಸಿ ಅದೇ ಹೋಗುವ ಹಾಗೆ ಮಾಡುತ್ತವೆ. ಇದನ್ನು ನೋಡುವುದೇ ಒಂದು ಖುಷಿ.

ಅಂಚುಗಳ ಮಾತು ಬೇರೆಯೇ. ಬಾಗಿಲಿನ ಅಂಚು, ಬಾನೆಟ್ಟಿನ ಏಣು, ಇಂಥ ಕಡೆ ಬಣ್ಣ ಒದ್ದೆಯಿದ್ದಾಗಲೇ ಹಿಂದೆ ಸರಿದು ತೆಳ್ಳಗಾಗಿರುತ್ತದೆ. ರೋಟರಿಯ ಅಂಚೂ ಜೋರು, ಬಣ್ಣವೂ ತೆಳು. ಪ್ಯಾಡು ತಿರುಗುವ ದಿಕ್ಕು ಏಣಿನಿಂದ ಹೊರಕ್ಕೆ ಹೋಗುವಂತಿರಬೇಕು, ಹೊರಗಿನಿಂದ ಬಂದು ಏಣನ್ನು ಕೆರೆಯುವಂತೆ ಇರಬಾರದು. ಅದಕ್ಕಿಂತ ಒಳ್ಳೆಯದು, ಮಾಸ್ಕಿಂಗ್ ಟೇಪ್ ಹಚ್ಚಿಬಿಡಿ. ಟೇಪಿನ ಕೆಳಗೆ ಉಳಿದದ್ದನ್ನು ಕೈಯಲ್ಲೇ ಉಜ್ಜಬಹುದು. ವೈರನ್ನು ಹೆಗಲ ಮೇಲೆ ಹಾಕಿಕೊಳ್ಳಿ, ಪ್ಯಾಡಿಗೆ ಸುತ್ತಿಕೊಂಡರೆ ಕಥೆ ಮುಗಿಯಿತು.

ಗೇರ್ ಡಿಎಗೆ ಬರುವವರಿಗೆ ಇಷ್ಟೆಲ್ಲ ಹೇಳಬೇಕಿಲ್ಲ. ಡಿಎಯಿಂದ ಬಂದವರಿಗೆ ಅದು ಜಗ್ಗುವುದು ಆಶ್ಚರ್ಯ, ರೋಟರಿಯಿಂದ ಬಂದವರಿಗೆ ಅದು ನಡುಗುವುದು ಆಶ್ಚರ್ಯ. ಪ್ಯಾಡನ್ನು ಬಣ್ಣದ ಮೇಲೆ ಇಟ್ಟ ಮೇಲೆಯೇ ಸ್ವಿಚ್ ಒತ್ತಿ, ಇಲ್ಲದಿದ್ದರೆ ಕಾಂಪೌಂಡ್ ನಿಮ್ಮ ಅಂಗಿಗೂ ಪಾಲಿಶ್ ಮಾಡುತ್ತದೆ. ಇದು ನಿಲ್ಲದ ಮೆಷಿನ್, ಹಾಗಾಗಿ ಬಿಸಿಯ ವಿಷಯದಲ್ಲಿ ರೋಟರಿಯ ಎಚ್ಚರವೇ ಬೇಕು. ಮಾರುತಿ, ಹ್ಯುಂಡೈ ಸಣ್ಣ ಕಾರುಗಳಲ್ಲಿ ಏಣು, ಉಬ್ಬು ಜಾಸ್ತಿ, ಸಪಾಟು ಜಾಗ ಕಡಿಮೆ. ಅಲ್ಲಿ 21 ಮಿಲಿಮೀಟರಿನ ಮಾಮೂಲಿ ಡಿಎ ಹಿಡಿದರೆ ಅಡಿಗಡಿಗೂ ನಿಲ್ಲುತ್ತದೆ. ದೊಡ್ಡ ಎಸ್‌ಯುವಿಯ ಬಾನೆಟ್ಟಿಗೆ ಅದು ಸರಿ. ಒಂದೇ ಮೆಷಿನ್ ಕೊಳ್ಳುವ ಮನೆಯವರಿಗೆ ನನ್ನ ಮತ 8ರಿಂದ 15 ಮಿಲಿಮೀಟರಿನ ಮಾಮೂಲಿ ಡಿಎಗೆ. ಥ್ರೋ ದೊಡ್ಡದು ಅಂತ ಜಂಬಕ್ಕೆ ದೊಡ್ಡ ಮೆಷಿನ್ ತರಬೇಡಿ.

ಕೊಳ್ಳುವಾಗ ಸಣ್ಣ ಸಣ್ಣ ವಿಷಯಗಳು ಕೈಕೊಡುತ್ತವೆ. ನಮ್ಮಲ್ಲಿ ಸಿಗುವ ರೋಟರಿಗಳ ಮೂತಿಗೆ ಸಾಮಾನ್ಯವಾಗಿ ಎಂ14 ಅಳತೆಯ ತಿರುಪು ಇರುತ್ತದೆ, ಡಿಎಗಳದು ಅದಕ್ಕಿಂತ ಸಣ್ಣದು. ರೋಟರಿಯ ಪ್ಲೇಟು ಡಿಎಗೆ ಕೂರುವುದಿಲ್ಲ. ಕೂರುವ ಹಾಗೆ ಅಡಾಪ್ಟರ್ ಹಾಕಬಾರದು ಕೂಡ, ಏಕೆಂದರೆ ಡಿಎಯ ಒಳಗೆ ಓಲಾಟವನ್ನು ತೂಗಿಸಲು ಎದುರು ತೂಕ ಇಟ್ಟಿರುತ್ತಾರೆ. ಅದು ಒಂದು ಅಳತೆಯ ಪ್ಲೇಟಿಗೆ ಹೊಂದಿಸಿದ್ದು. ಬೇರೆ ತೂಕದ್ದು ಹಾಕಿದರೆ ಸಂಜೆಗೆ ಬೆರಳು ಜುಮ್ಮೆನ್ನುತ್ತಿರುತ್ತವೆ. ಅಮೆರಿಕದಿಂದ ಅಣ್ಣನೋ ಭಾವನೋ ಮೆಷಿನ್ ತರುತ್ತೇನೆ ಅಂದರೆ ವೋಲ್ಟೇಜ್ ಕೇಳಿ. ಅಲ್ಲಿನದು 120, ನಮ್ಮದು 230. ನೇರ ಪ್ಲಗ್ಗಿಗೆ ಹಾಕಿದರೆ ಒಂದು ಹೊಗೆ, ಅಲ್ಲಿಗೆ ಮುಗಿಯಿತು. ಇನ್ನು ಬೆಂಗಳೂರಿನ ಎಸ್‌ಜೆಪಿ ರೋಡಿಗೆ ಹೋದರೆ ಆ್ಯಂಗಲ್ ಗ್ರೈಂಡರ್ ಬಹಳ ಅಗ್ಗಕ್ಕೆ ಸಿಗುತ್ತದೆ. ಅದಕ್ಕೊಂದು ಉಣ್ಣೆ ಪ್ಯಾಡು ಸಿಕ್ಕಿಸಿದರೆ ಪಾಲಿಶ್ ಮೆಷಿನ್ ಆಗುತ್ತದೆ ಅನ್ನುವವರಿದ್ದಾರೆ. ನಿಮಿಷಕ್ಕೆ 11,000 ಸುತ್ತು ತಿರುಗುವ, ವೇಗ ಇಳಿಸಲು ಬಾರದ ಸಾಧನ ಅದು. ಕಬ್ಬಿಣ ಕೊಯ್ಯಲು ಮಾಡಿದ್ದು, ಅಲ್ಲೇ ಇರಲಿ.

ಒಂದೇ ಕಾರಿನ ಮೇಲೆ ಮೆಷಿನ್ ಬದಲಿಸುವುದೂ ಉಂಟು, ಬಹಳ ಒಳ್ಳೇ ಅಂಗಡಿಗಳು ಮಾಡುವುದೇ ಹಾಗೆ. ಆಳದ ಗೀರಿಗೆ ರೋಟರಿ ಮತ್ತು ಉಣ್ಣೆ. ಆಮೇಲೆ ಕಾಂಪೌಂಡಿನ ಪುಡಿಯೆಲ್ಲ ಒರೆಸಿ, ಡಿಎಗೆ ಮೆತ್ತನೆಯ ಫೋಮ್ ಹಾಕಿ, ಸಣ್ಣ ಕಣದ ಪಾಲಿಶ್‌ನಿಂದ ರೋಟರಿ ಬಿಟ್ಟುಹೋದ ಸಾಲುಗಳನ್ನು ಅಳಿಸುತ್ತಾರೆ. ಎರಡಕ್ಕೂ ಪ್ಯಾಡು ಬೇರೆ, ಒರೆಸುವ ಬಟ್ಟೆಯೂ ಬೇರೆ. ಮೊದಲ ಸುತ್ತಿನ ಒಂದು ದಪ್ಪ ಕಣ ಎರಡನೇ ಪ್ಯಾಡಿಗೆ ಬಂದರೆ ಮೊದಲಿನಿಂದ ಶುರು. ನನ್ನ ಕಾರಿಗೆ ಅವತ್ತು ಈ ಎರಡನೇ ಹಂತವೇ ಆಗಿರಲಿಲ್ಲ. ಸಮಯ ಉಳಿಸಲು ಬಿಟ್ಟಿದ್ದರೋ, ಡಿಎ ಇರಲೇ ಇಲ್ಲವೋ, ಕೇಳಲು ಹೋಗಲಿಲ್ಲ.

ಆ ಹಂತವನ್ನು ನಾನೇ ಮಾಡಿದೆ. ಬಾನೆಟ್ಟಿಗೆ ಎರಡು ಗಂಟೆ, ಇಡೀ ಕಾರಿಗೆ ಎರಡು ಭಾನುವಾರ. ಮೊದಲು ಒಂದು ಮೂಲೆಯಲ್ಲಿ ಟೇಪ್ ಹಚ್ಚಿ, ಅರ್ಧ ಪಾಲಿಶ್ ಮಾಡಿ, ಅರ್ಧ ಬಿಟ್ಟೆ. ಟೇಪ್ ಕಿತ್ತಾಗ ಗೆರೆ ಹೊಡೆದ ಹಾಗೆ ಒಂದು ಕಡೆ ರೇಷ್ಮೆ ಅಲೆ, ಇನ್ನೊಂದು ಕಡೆ ಬರೀ ಕಪ್ಪು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮಗಳು ನೋಡಿ, “ಅಪ್ಪ, ಇಲ್ಲೇನು ಬೂದಿ ಬಣ್ಣ?” ಅಂತ ಎಡ ಫೆಂಡರಿನ ಏಣಿನ ಮೇಲೆ ಬೆರಳಿಟ್ಟಳು. ಉಗುರಿನಷ್ಟಗಲ ಪ್ರೈಮರ್ ಕಾಣುತ್ತಿತ್ತು. ಅವತ್ತು ಅಂಗಡಿಯಲ್ಲಿ ಪ್ಯಾಡಿನ ಅಂಚು ಅಲ್ಲಿ ಒಂದು ಕ್ಷಣ ಜಾಸ್ತಿ ನಿಂತಿರಬೇಕು. ಅದಕ್ಕೆ ಈ ಮೂರರಲ್ಲಿ ಯಾವ ಮೆಷಿನ್ನೂ ಇಲ್ಲ. ಮಾರನೇ ದಿನ ಹೋಗಿ ಕಾರಿನ ಬಣ್ಣದ ಕೋಡ್ ಹೇಳಿ, ಸಣ್ಣ ಬ್ರಶ್ ಇರುವ ಟಚ್-ಅಪ್ ಬಾಟಲಿ ತಂದೆ.